ಮನೇಲಿ ಕನ್ನಡ, ಎ ಲೆವೆಲ್‌ನಲ್ಲಿ ಚೈನೀಸ್: ಮಗಳಿಗೆ ಹೂಂ ಅನ್ನಲಾ, ಬೇಡ ಅನ್ನಲಾ?

ಪ್ರಶ್ನೆ: ನಾವು ದಾವಣಗೆರೆಯವರು, ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಹನ್ನೊಂದು ವರ್ಷ ಆಯ್ತು. ಮಗಳಿಗೆ ಈ ಸಲ ಜಿಸಿಎಸ್‌ಇಯಲ್ಲಿ (ನಮ್ಮ ಎಸ್‌ಎಸ್‌ಎಲ್‌ಸಿ ಇದ್ದ ಹಾಗೆ) ಮ್ಯಾಂಡರಿನ್‌ಗೆ, ಅಂದರೆ ಚೀನಾದ ಮುಖ್ಯ ಭಾಷೆಗೆ, 9ಕ್ಕೆ 8 ಬಂದಿದೆ. ಎ ಲೆವೆಲ್‌ಗೆ, ಅಂದರೆ ಇಲ್ಲಿನ ಪಿಯುಸಿಗೆ, ಗಣಿತ, ಎಕನಾಮಿಕ್ಸ್ ಜೊತೆ ಚೈನೀಸೇ ಬೇಕು ಅಂತ ಹಠ ಹಿಡಿದಿದ್ದಾಳೆ. ಆ ಕ್ಲಾಸಿಗೆ ಸೇರುವವರು ಆರೇ ಮಕ್ಕಳು. ಅವರಲ್ಲಿ ನಾಲ್ವರು ಮನೆಯಲ್ಲೇ ಚೈನೀಸ್ ಮಾತಾಡುವವರು. ನಮ್ಮ ಯಜಮಾನರು "ಸುಮ್ನೆ ಫಿಸಿಕ್ಸ್ ತಗೊಳ್ಳಲಿ, ಆ ಮಕ್ಕಳ ಮುಂದೆ ಇವಳು ಎಲ್ಲಿ ನಿಲ್ತಾಳೆ" ಅಂತಾರೆ. ಎಚ್‌ಎಸ್‌ಕೆ ಅನ್ನುವ ಚೀನಾದವರ ಭಾಷಾ ಪರೀಕ್ಷೆ ಬರೆಸಿದರೆ ಸಾಲದೇ? ನಮ್ಮ ಮನೆಯಲ್ಲಿ ಕನ್ನಡ, ಇಂಗ್ಲಿಷ್ ಬಿಟ್ಟು ಬೇರೆ ಏನೂ ಇಲ್ಲ. ನಾವು ಅವಳಿಗೆ ಏನು ಸಹಾಯ ಮಾಡಬಹುದು?

ಉತ್ತರ: ನಿಮ್ಮ ಯಜಮಾನರ ಭಯ ಅರ್ಧ ಸರಿ. ಆದರೆ ಅವರು ಭಯಪಡುತ್ತಿರುವ ಜಾಗ ಬೇರೆ, ಭಯಪಡಬೇಕಾದ ಜಾಗ ಬೇರೆ. ಆ ನಾಲ್ಕು ಮಕ್ಕಳು ಅಷ್ಟು ದೊಡ್ಡ ಸಮಸ್ಯೆ ಅಲ್ಲ. ನಿಜವಾದ ಸಮಸ್ಯೆ ಪೆನ್ನು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಮಾತು. ಜಿಸಿಎಸ್‌ಇಯ 8 ನೋಡಿ ಎ ಲೆವೆಲ್ ಅಳೆಯಬೇಡಿ. ಜಿಸಿಎಸ್‌ಇಯಲ್ಲಿ ಮಗು ತನ್ನ ಬಗ್ಗೆ ಹೇಳಿಕೊಳ್ಳುತ್ತದೆ. ನನ್ನ ಮನೆ, ನನ್ನ ಶಾಲೆ, ರಜೆಯಲ್ಲಿ ಎಲ್ಲಿಗೆ ಹೋದೆ, ಏನು ತಿಂದೆ. ಎ ಲೆವೆಲ್‌ನಲ್ಲಿ ಒಮ್ಮೆಗೇ ಚೀನಾದ ಬಗ್ಗೆ ಮಾತಾಡಬೇಕು, ಅದೂ ವಾದ ಮಾಡುವ ಹಾಗೆ. "ನನಗೆ ನೂಡಲ್ಸ್ ಇಷ್ಟ" ಅನ್ನುವಲ್ಲಿಂದ "ನಗರಕ್ಕೆ ವಲಸೆ ಹೋದವರಿಂದ ಹಳ್ಳಿಯ ಕುಟುಂಬಗಳು ಹೇಗೆ ಬದಲಾದವು" ಅನ್ನುವಲ್ಲಿಗೆ ಎರಡೇ ವರ್ಷದಲ್ಲಿ ತಲುಪಬೇಕು. ಫ್ರೆಂಚ್‌ನಲ್ಲೂ ಈ ಜಿಗಿತ ಇದೆ. ಆದರೆ ಫ್ರೆಂಚ್ ಕಲಿಯುವ ಮಗು ಹೊಸ ಪದ ಕಂಡರೆ ಕನಿಷ್ಠ ಓದಿಯಾದರೂ ಹೇಳುತ್ತದೆ. ಇಲ್ಲಿ ಹೊಸ ಅಕ್ಷರ ಕಂಡರೆ ಉಚ್ಚಾರವನ್ನೂ ಊಹಿಸಬೇಕು, ಅರ್ಥವನ್ನೂ ಊಹಿಸಬೇಕು.

ಇಂಗ್ಲೆಂಡಿನ ಶಾಲೆಗಳಲ್ಲಿ ಎ ಲೆವೆಲ್ ಚೈನೀಸ್ ಅಂದರೆ ಪಿಯರ್ಸನ್ ಎಡೆಕ್ಸೆಲ್ ಅನ್ನುವ ಪರೀಕ್ಷಾ ಮಂಡಳಿಯವರ ಪರೀಕ್ಷೆ ಅಂತಲೇ ಇಟ್ಟುಕೊಳ್ಳಿ. ಈಗಿನ ಪಠ್ಯಕ್ರಮದ ಮೊದಲ ಪರೀಕ್ಷೆ ನಡೆದದ್ದು 2019ರಲ್ಲಿ. ಮೂರು ಪೇಪರ್. ಕೇಳುವುದು, ಓದುವುದು, ಚೈನೀಸಿನಿಂದ ಇಂಗ್ಲಿಷಿಗೆ ಅನುವಾದ ಸೇರಿ ಒಂದು. ಎರಡು ಗಂಟೆ, ಶೇ 40. ಎರಡನೆಯದು ಕತೆ-ಕಾದಂಬರಿ, ಸಿನಿಮಾಗಳ ಮೇಲೆ ಪ್ರಬಂಧ, ಜೊತೆಗೆ ಇಂಗ್ಲಿಷಿನಿಂದ ಚೈನೀಸಿಗೆ ಅನುವಾದ. ಎರಡು ಗಂಟೆ ನಲವತ್ತು ನಿಮಿಷ, ಶೇ 30. ಮೂರನೆಯದು ಮಾತು, ತಯಾರಿಯ ಐದು ನಿಮಿಷ ಸೇರಿ ಇಪ್ಪತ್ತೊಂದರಿಂದ ಇಪ್ಪತ್ಮೂರು ನಿಮಿಷ, ಉಳಿದ ಶೇ 30. ಎಲ್ಲವೂ ಎರಡನೇ ವರ್ಷದ ಕೊನೆಗೆ. ಡಿಕ್ಷನರಿ ಇಲ್ಲ.

ಲೆಕ್ಕ ಗಮನಿಸಿ. ಮನೆಯಲ್ಲಿ ಚೈನೀಸ್ ಮಾತಾಡುವ ಮಗುವಿಗೆ ಮಾತಿನಲ್ಲಿ, ಕೇಳುವುದರಲ್ಲಿ ಸುಲಭವಾಗಿ ಅಂಕ ಬರುತ್ತದೆ, ಸರಿ. ಓದುವುದರಲ್ಲೂ ಮುಂದಿರುತ್ತಾರೆ. ಆದರೆ ಇಂಗ್ಲಿಷಿಗೆ ಅನುವಾದ ಮಾಡುವಾಗ, ಕತೆಯ ಮೇಲೆ ಪ್ರಬಂಧ ಬರೆಯುವಾಗ ಅವರೇ ಎಡವುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕತೆ ಏನಾಯ್ತು ಅಂತ ಚೆಂದವಾಗಿ ಎರಡು ಪುಟ ಬರೆದಿಡುತ್ತಾರೆ. ಪ್ರಶ್ನೆ ಕೇಳಿದ್ದು ಅದನ್ನಲ್ಲ. ಪಾತ್ರ ಯಾಕೆ ಹಾಗೆ ನಡೆದುಕೊಂಡಿತು, ನಿರ್ದೇಶಕ ಅದನ್ನು ಹೇಗೆ ತೋರಿಸಿದ ಅಂತ. ಇಂಗ್ಲಿಷ್ ತರಗತಿಯಲ್ಲಿ ಇದನ್ನು ಚೆನ್ನಾಗಿ ಕಲಿತ ಮಗುವಿಗೆ ಇಲ್ಲಿ ಲಾಭ. ಇನ್ನೊಂದು ವಿಷಯ. ಮನೆಯಲ್ಲಿ "ಚೈನೀಸ್" ಅಂದ ಮಾತ್ರಕ್ಕೆ ಮ್ಯಾಂಡರಿನ್ ಅಂತಲ್ಲ. ಹಾಂಗ್‌ಕಾಂಗ್ ಮೂಲದವರ ಮನೆಯಲ್ಲಿ ಕ್ಯಾಂಟನೀಸ್ ಇರುತ್ತದೆ. ಮಾತಿನ ಪರೀಕ್ಷೆಯನ್ನು ಕ್ಯಾಂಟನೀಸಿನಲ್ಲೂ ಕೊಡಬಹುದು, ಅಕ್ಷರವನ್ನು ಹಳೆಯ ಪೂರ್ಣರೂಪದಲ್ಲೂ ಬರೆಯಬಹುದು, ಸರಳ ರೂಪದಲ್ಲೂ ಬರೆಯಬಹುದು.

ಹಾಗಂತ ಸ್ಪರ್ಧೆ ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ. 2018ರಲ್ಲಿ ಎ ಲೆವೆಲ್ ಚೈನೀಸ್ ಬರೆದವರು 3,334, ಜರ್ಮನ್ ಬರೆದವರು 3,058. ಚೈನೀಸ್ ಜರ್ಮನ್ನನ್ನು ಹಿಂದಿಕ್ಕಿತು ಅಂತ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ ಆ ಸಂಖ್ಯೆಯಲ್ಲಿ ಮನೆಭಾಷೆಯೇ ಚೈನೀಸ್ ಆದವರು ಎಷ್ಟು ಜನ ಇದ್ದರು ಅನ್ನುವುದು ಪಾಠ ಮಾಡುವ ನಮಗೆಲ್ಲ ಗೊತ್ತಿದ್ದದ್ದೇ. ಮನೆಯಲ್ಲಿ ಚೈನೀಸ್ ಇಲ್ಲದೆ ಹೊರಗಿನಿಂದ ಕಲಿತ ಮಕ್ಕಳಿಗೆ ಹೊಂದುತ್ತಿದ್ದ, ಎ ಲೆವೆಲ್ ಬದಲಿಗೆ ಬರೆಯಬಹುದಾಗಿದ್ದ ಕೇಂಬ್ರಿಜ್ ಪ್ರಿ-ಯು ಅನ್ನುವ ಪರೀಕ್ಷೆ ಒಂದಿತ್ತು. 2023ರ ಜೂನ್‌ಗೆ ಅದು ಮುಗಿಯಿತು. ನನಗೆ ಇವತ್ತಿಗೂ ಅದರ ಬಗ್ಗೆ ಬೇಜಾರಿದೆ.

ಈಗ ಪೆನ್ನಿನ ವಿಷಯ.

ಅಮೆರಿಕದ ಹೈಸ್ಕೂಲಿನ ಎಪಿ ಚೈನೀಸ್ ಪರೀಕ್ಷೆಯಲ್ಲಿ ಮಕ್ಕಳು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ. ಉಚ್ಚಾರವನ್ನು ರೋಮನ್ ಅಕ್ಷರದಲ್ಲಿ ಕೊಟ್ಟರೆ ಸಾಕು, ಚೀನೀ ಅಕ್ಷರಗಳ ಸಾಲು ಎದುರಿಗೆ ಬರುತ್ತದೆ, ಸರಿಯಾದದ್ದನ್ನು ಆರಿಸಿದರೆ ಆಯ್ತು. ಎ ಲೆವೆಲ್‌ನಲ್ಲಿ ಹಾಗಲ್ಲ. ಖಾಲಿ ಹಾಳೆ, ಕೈಯಲ್ಲಿ ಪೆನ್ನು, ತಲೆಯಿಂದ ಒಂದೊಂದೇ ಗೆರೆ ಇಳಿಯಬೇಕು. ನಿಮ್ಮ ಮಗಳು ಫೋನಿನಲ್ಲಿ ಪಟಪಟನೆ ಚೈನೀಸ್ ಮೆಸೇಜ್ ಕಳಿಸುತ್ತಿರಬಹುದು. ಗುರುತಿಸುವುದು ಬೇರೆ, ಬರೆಯುವುದು ಬೇರೆ. ಚೀನಾದಲ್ಲೇ ಇದಕ್ಕೊಂದು ನುಡಿಗಟ್ಟಿದೆ, "ಥಿಪಿ ವಾಂಗ್‌ತ್ಸ". ಪೆನ್ನೆತ್ತಿದೆ, ಅಕ್ಷರ ಮರೆತೆ ಅಂತ. ಸೀನು ಅನ್ನುವ ಮಾತನ್ನು ಕೈಯಲ್ಲಿ ಬರೆಯಿರಿ ಅಂದರೆ ಡಿಗ್ರಿ ಮಾಡಿದ ಚೀನೀಯರೂ ತಲೆ ಕೆರೆದುಕೊಳ್ಳುತ್ತಾರೆ. ಇನ್ನು ನಮ್ಮ ಮಕ್ಕಳ ಪಾಡು ಕೇಳಬೇಕೇ?

ಒಂದು ಉದಾಹರಣೆ ಕೊಡುತ್ತೇನೆ. ಚೈನೀಸಿನಲ್ಲಿ ಕೊಳ್ಳುವುದು "ಮಾಯ್", ಮಾರುವುದೂ "ಮಾಯ್". ಸ್ವರದ ಏರಿಳಿತ ಮಾತ್ರ ಬೇರೆ. ಒಂದು ಇಳಿದು ಏರುತ್ತದೆ, ಇನ್ನೊಂದು ಧಡಕ್ಕನೆ ಇಳಿಯುತ್ತದೆ. ಸರಳ ಅಕ್ಷರದಲ್ಲಿ ಬರೆದರೆ ಎರಡೂ ಅವಳಿ-ಜವಳಿ. ಮಾರುವುದರ ತಲೆ ಮೇಲೆ ಪ್ಲಸ್ ಗುರುತಿನಂಥ ಒಂದು ಕೊಂಬು ಇರುತ್ತದೆ, ಅಷ್ಟೇ ವ್ಯತ್ಯಾಸ. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬ ಹುಡುಗನಿಗೆ ಅನುವಾದಕ್ಕೆ ಈ ವಾಕ್ಯ ಕೊಟ್ಟಿದ್ದೆ: "ರೈತರು ಮಿಕ್ಕ ಧಾನ್ಯವನ್ನು ಪೇಟೆಯಲ್ಲಿ ಮಾರಲು ಶುರು ಮಾಡಿದರು." ಅವನು ಕೊಂಬು ಬಿಟ್ಟ. ರೈತರು ಪೇಟೆಯಿಂದ ಧಾನ್ಯ ಕೊಂಡುಕೊಂಡು ಬಂದರು! ರೈತರಿಗೆ ಬೆಳೆ ಮಾರಲು ಬಿಟ್ಟ ಚೀನಾದ ಆರ್ಥಿಕ ಸುಧಾರಣೆ ಎರಡು ಗೀಟಿನಲ್ಲಿ ತಲೆಕೆಳಗಾಯಿತು. ವ್ಯಾಕರಣ ಎಲ್ಲ ಸರಿ ಇತ್ತು, ಪಾಪ.

ಆದ್ದರಿಂದ ನನ್ನ ಸಲಹೆ ಹೂಂ ಅಥವಾ ಬೇಡ ಅಲ್ಲ. ಮೂರು ವಾರ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಅವಳು ಹಿಂದೆ ಓದಿರದ, ಮುನ್ನೂರು ಅಕ್ಷರದಷ್ಟಿರುವ ಒಂದು ಲೇಖನ ತೆಗೆದುಕೊಳ್ಳಲಿ. ಕಲಿಯುವವರಿಗೆಂದೇ ಬರೆದ ಸುದ್ದಿ ಆದರೂ ಸರಿ. ಫೋನು ನಿಮ್ಮ ಕೈಯಲ್ಲಿರಲಿ. ಗೊತ್ತಿಲ್ಲದ ಅಕ್ಷರದ ಕೆಳಗೆ ಗೀಟು ಹಾಕುತ್ತಾ ಓದಲಿ. ಆಮೇಲೆ ಲೇಖನ ಮುಚ್ಚಿಟ್ಟು, ಅದರಲ್ಲಿ ಏನಿತ್ತು, ತನಗೆ ಏನನ್ನಿಸಿತು ಅಂತ ಆರೇಳು ಸಾಲು ಪೆನ್ನಿನಲ್ಲಿ ಬರೆಯಲಿ. ನೆನಪಾಗದ ಅಕ್ಷರದ ಜಾಗದಲ್ಲಿ ಖಾಲಿ ಚೌಕ ಬಿಡಲಿ. ಮೊದಲ ವಾರ ಹಾಳೆ ತುಂಬ ಚೌಕಗಳೇ ಇರುತ್ತವೆ, ಗಾಬರಿ ಬೇಡ. ನೋಡಬೇಕಾದ್ದು ತಪ್ಪುಗಳನ್ನಲ್ಲ. ಬರೆದು ಮುಗಿದ ಮೇಲೆ ಅವಳೇ ಹೋಗಿ ಆ ಚೌಕಗಳನ್ನು ತುಂಬುತ್ತಾಳಾ, ಇಲ್ಲಾ ನೀವು ಹೇಳಬೇಕಾ? ತಾನೇ ತುಂಬುವ ಮಗು ಎ ಲೆವೆಲ್ ದಾಟುತ್ತದೆ. ಹೇಳಿಸಿಕೊಳ್ಳುವ ಮಗುವಿಗೆ ಎರಡು ವರ್ಷ ಕಷ್ಟ.

ಸೇರಿದ ಮೇಲೆ ದಿನಕ್ಕೆ ಹತ್ತು ಅಕ್ಷರ ಉಕ್ತಲೇಖನ. ಕಾಪಿ ಬರೆಯುವುದಲ್ಲ, ಕೇಳಿ ನೆನಪಿನಿಂದ ಬರೆಯುವುದು. ಇದನ್ನು ನೀವೂ ಮಾಡಿಸಬಹುದು. ಆದರೆ ಪಿನ್ಯಿನ್ ಅನ್ನು, ಅಂದರೆ ಚೈನೀಸಿನ ರೋಮನ್ ಬರಹವನ್ನು, ನಮ್ಮೂರ ಇಂಗ್ಲಿಷಿನಂತೆ ಓದಿಬಿಡಬೇಡಿ. ಅಲ್ಲಿ ಬಿ ಅಂದರೆ ನಮ್ಮ ಪ, ಪಿ ಅಂದರೆ ನಿಜವಾದ ಮಹಾಪ್ರಾಣದ ಫ. ಡಿ ಅಂದರೆ ತ, ಟಿ ಅಂದರೆ ಥ. "ತೂತ್ಸ" ಅಂದರೆ ಹೊಟ್ಟೆ, "ಥೂತ್ಸ" ಅಂದರೆ ಮೊಲ. "ಪಾವ್ ಲ" ಅಂದರೆ ಹೊಟ್ಟೆ ತುಂಬಿತು, "ಫಾವ್ ಲ" ಅಂದರೆ ಓಡಿಹೋಯಿತು. ನಾವು ಮಾತಿನಲ್ಲಿ ಮಹಾಪ್ರಾಣವನ್ನು ನುಂಗಿ ಎಷ್ಟೋ ಕಾಲವಾಯಿತು. ಇಂಗ್ಲೆಂಡಿನಲ್ಲಿ ಬೆಳೆದ ನಿಮ್ಮ ಮಗಳಿಗೆ ಇದು ಸಹಜವಾಗಿ ಬರುತ್ತದೆ, ಇಂಗ್ಲಿಷರ ಪಿ, ಟಿ, ಕೆಗಳಲ್ಲಿ ಆ ಉಸಿರು ಇದೆ. ಕಷ್ಟ ನಮಗೆ. ಮಗಳು ನಗುತ್ತಾಳೆ, ನಗಲಿ ಬಿಡಿ. ತಾಯಿಗೆ ಪಾಠ ಹೇಳಿಕೊಡುವುದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಇಲ್ಲ.

ಮನೆಯಲ್ಲಿ ಕನ್ನಡ ಬಿಟ್ಟರೆ ಏನೂ ಇಲ್ಲ ಅಂದಿರಲ್ಲ. ಅದು ಕೊರತೆ ಅಂತ ಯಾರು ಹೇಳಿದರು?

ಇಂಗ್ಲಿಷಿನಿಂದ ಚೈನೀಸಿಗೆ ಅನುವಾದ ಮಾಡುವಾಗ ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳು ಜಾಸ್ತಿ ಒದ್ದಾಡುವುದು ಒಂದು ಜಾಗದಲ್ಲಿ. "ದಿ ಬುಕ್ ಐ ಬಾಟ್ ಯೆಸ್ಟರ್‌ಡೇ" ಅನ್ನುವಂಥ ಕಡೆ. ಅವರು ಮೊದಲು ಪುಸ್ತಕ ಬರೆಯುತ್ತಾರೆ, ಆಮೇಲೆ ಅದಕ್ಕೆ ಬಾಲ ಕಟ್ಟಲು ಹೋಗಿ ಸಿಕ್ಕಿಕೊಳ್ಳುತ್ತಾರೆ. ಚೈನೀಸಿನಲ್ಲಿ ಅದು "ವೊ ತ್ಸುವೊಥಿಯೆನ್ ಮಾಯ್ ತ ಷು". ಪದಪದವಾಗಿ ಬಿಡಿಸಿ: ನಾನು, ನಿನ್ನೆ, ಕೊಂಡ, ಪುಸ್ತಕ. "ನಾನು ನಿನ್ನೆ ಕೊಂಡ ಪುಸ್ತಕ." ಕನ್ನಡವೇ, ಅಲ್ವಾ? "ಹಳ್ಳಿಯಿಂದ ಬಂದ ಕೆಲಸಗಾರರು", "ಅಜ್ಜಿಯ ಜೊತೆ ಇರುವ ಮಕ್ಕಳು", ಎಲ್ಲ ಇದೇ ದಾರಿ. ಬಣ್ಣನೆ ಎಷ್ಟೇ ಉದ್ದ ಇರಲಿ, ಹೆಸರಿಗಿಂತ ಮುಂಚೆಯೇ ಬರುತ್ತದೆ. ಯಾವಾಗ, ಎಲ್ಲಿ ಅನ್ನುವುದು ಸಾಮಾನ್ಯವಾಗಿ ಕ್ರಿಯಾಪದಕ್ಕಿಂತ ಮೊದಲು: "ನಾನು ನಾಳೆ ಲೈಬ್ರರಿಯಲ್ಲಿ ಓದುತ್ತೇನೆ." ಅದೂ ನಮ್ಮಂತೆಯೇ. ನನ್ನ ಕನ್ನಡದ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಉದ್ದನೆಯ ಇಂಗ್ಲಿಷ್ ವಾಕ್ಯ ಕಂಡರೆ ಮೊದಲು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸು, ಆಮೇಲೆ ಚೈನೀಸ್ ಬರೆ. ಒಂದು ಎಚ್ಚರಿಕೆ ಮಾತ್ರ. "ಪುಸ್ತಕ ಕೊಂಡೆ" ಅನ್ನುವಾಗ ಚೈನೀಸ್ ಇಂಗ್ಲಿಷಿನ ಕಡೆ ವಾಲುತ್ತದೆ. ಮೊದಲು ಕೊಂಡೆ, ಆಮೇಲೆ ಪುಸ್ತಕ. ಅಲ್ಲಿ ಕನ್ನಡವನ್ನು ನಂಬಿದರೆ ಕೆಟ್ಟಿರಿ.

ಸಂಖ್ಯೆಗಳಲ್ಲೂ ನಮಗೆ ಅನುಕೂಲ ಇದೆ. ಚೈನೀಸಿನಲ್ಲಿ ಸಾವಿರ ಆದ ಮೇಲೆ "ವಾನ್", ಅಂದರೆ ಹತ್ತು ಸಾವಿರ. ಅಲ್ಲಿಂದ ಮುಂದೆ "ಯಿ", ಅಂದರೆ ಹತ್ತು ಕೋಟಿ. ಮಿಲಿಯನ್‌ನಲ್ಲಿ ಯೋಚಿಸುವ ಮಗು ಕೇಳುವ ಪರೀಕ್ಷೆಯಲ್ಲಿ ಸೊನ್ನೆ ಎಣಿಸುತ್ತಾ ಕೂರುತ್ತದೆ, ಅಷ್ಟರಲ್ಲಿ ಮುಂದಿನ ವಾಕ್ಯ ಹೋಗಿರುತ್ತದೆ. ಲಕ್ಷ, ಕೋಟಿ ಬಲ್ಲವರಿಗೆ ಹತ್ತು ವಾನ್ ಅಂದರೆ ಒಂದು ಲಕ್ಷ. ಹದಿನಾಲ್ಕು ಯಿ ಅಂದರೆ ನೂರ ನಲವತ್ತು ಕೋಟಿ, ಚೀನಾದ ಜನಸಂಖ್ಯೆ. ಮುಗಿಯಿತು. ಮನೆಯಲ್ಲಿ ಊರಿನ ಸೈಟಿನ ರೇಟು ಮಾತಾಡುವಾಗ ಅವಳನ್ನೂ ಕೂರಿಸಿಕೊಳ್ಳಿ!

ಸಂಬಂಧಗಳೂ ಹಾಗೆಯೇ. ಇಂಗ್ಲಿಷರ ಒಬ್ಬ ಅಂಕಲ್ ಅಲ್ಲಿ ಕನಿಷ್ಠ ಮೂರು ಜನ ಆಗುತ್ತಾನೆ. ಪೋಪೊ ದೊಡ್ಡಪ್ಪ, ಷೂಷು ಚಿಕ್ಕಪ್ಪ, ಚ್ಯೋಚ್ಯೊ ಸೋದರಮಾವ. ಅಣ್ಣ ಬೇರೆ, ತಮ್ಮ ಬೇರೆ, ಅಕ್ಕ ಬೇರೆ, ತಂಗಿ ಬೇರೆ. ಇಂಗ್ಲಿಷ್ ಮಕ್ಕಳು ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಾರೆ. ನಿಮ್ಮ ಮಗಳಿಗೆ ಹೆಸರು ಬದಲಾಯಿಸಿದರೆ ಸಾಕು.

ಪಾಠದ ವಿಷಯಕ್ಕೆ ಬಂದರೆ ನಾಲ್ಕು ವಿಭಾಗಗಳಿವೆ. ಕುಟುಂಬ, ಶಿಕ್ಷಣ, ಕೆಲಸ ಒಂದರಲ್ಲಿ; ಸಂಸ್ಕೃತಿ ಇನ್ನೊಂದರಲ್ಲಿ; ಬದಲಾಗುತ್ತಿರುವ ಸಮಾಜ ಮೂರನೆಯದು. ಅವು ಹೇಗೋ ಸಾಗುತ್ತವೆ. ನಾಲ್ಕನೆಯದು 1978ರ ಆರ್ಥಿಕ ಸುಧಾರಣೆ ಚೀನಾದ ಮೇಲೆ ಮಾಡಿದ ಪರಿಣಾಮ. ಎಕನಾಮಿಕ್ಸ್ ಓದುವ ಹುಡುಗಿಗೆ ಇದು ಹಬ್ಬ. ಆ ವರ್ಷ ಅನ್‌ಹುಯಿ ಪ್ರಾಂತ್ಯದ ಶಿಯಾವ್‌ಕಾಂಗ್ ಹಳ್ಳಿಯಲ್ಲಿ 18 ರೈತ ಕುಟುಂಬಗಳು ಸಾಮೂಹಿಕ ಜಮೀನನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ಗುಟ್ಟಿನ ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿದವು. ಸಿಕ್ಕಿಬಿದ್ದರೆ ಜೈಲು ಅಂತ ಗೊತ್ತಿದ್ದೇ ಒತ್ತಿದ್ದು. 1980ರಲ್ಲಿ ಷೆನ್‌ಜೆನ್ ವಿಶೇಷ ಆರ್ಥಿಕ ವಲಯ ಆಯಿತು. ಹಳ್ಳಿಯವರು ಅಲ್ಲಿನ ಫ್ಯಾಕ್ಟರಿಗಳಿಗೆ ಹೋದರು. ಆದರೆ ಹುಖೌ, ಅಂದರೆ ಕುಟುಂಬ ಎಲ್ಲಿಯದು ಅನ್ನುವ ಸರ್ಕಾರಿ ನೋಂದಣಿ, ಊರಲ್ಲೇ ಉಳಿಯಿತು. ನಮ್ಮ ರೇಷನ್ ಕಾರ್ಡಿಗಿಂತ ಗಟ್ಟಿಯಾದ ಗೂಟ ಅದು. ನಗರದಲ್ಲಿ ದುಡಿಯಬಹುದು, ಮಕ್ಕಳನ್ನು ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸುವುದು ಮಾತ್ರ ಕಷ್ಟ. ಹಾಗಾಗಿ ಮಕ್ಕಳು ಅಜ್ಜ ಅಜ್ಜಿಯ ಹತ್ತಿರ ಉಳಿದರು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಮಾತಿನ ಪರೀಕ್ಷೆಯಲ್ಲಿ ಅವಳು ಸ್ವಂತ ಸಂಶೋಧನೆ ಮಾಡಿದ ಒಂದು ವಿಷಯವನ್ನು ಮಂಡಿಸಿ, ಅದರ ಮೇಲೆ ಚರ್ಚೆ ಮಾಡಬೇಕು. ಮಕ್ಕಳು "ಚೀನಾದ ಅರ್ಥವ್ಯವಸ್ಥೆ" ಅನ್ನುವಂಥ ಆನೆಯನ್ನೇ ಎತ್ತಲು ಹೋಗುತ್ತಾರೆ. ಎರಡನೇ ಪ್ರಶ್ನೆಗೇ ಪದ ಖಾಲಿ. ಹಳ್ಳಿಯಲ್ಲಿ ಬಿಟ್ಟುಹೋದ ಮಕ್ಕಳ ಬಗ್ಗೆ, ಅದರಲ್ಲೂ ಆ ಮಕ್ಕಳು ಅಪ್ಪ ಅಮ್ಮನನ್ನು ವರ್ಷಕ್ಕೊಮ್ಮೆ ಚೀನೀ ಹೊಸವರ್ಷಕ್ಕೆ ನೋಡುವುದರ ಬಗ್ಗೆ ಮಾತಾಡಿದರೆ ಹೇಳಲು ವಿಷಯ ಇರುತ್ತದೆ, ಪದಗಳೂ ಕೈಗೆಟುಕುವಂಥವು.

ಎಚ್‌ಎಸ್‌ಕೆ ಬಗ್ಗೆ. ಅದು ಚೀನಾ ಸರ್ಕಾರದ ಕಡೆಯ ಭಾಷಾ ಪರೀಕ್ಷೆ. ಕೆಲಸಕ್ಕೆ, ಅಲ್ಲಿನ ಯೂನಿವರ್ಸಿಟಿಗೆ, ಸ್ಕಾಲರ್‌ಶಿಪ್ಪಿಗೆ ಉಪಯೋಗ. ಬಹಳ ಜನ ಕಲಿತ ಆರು ಹಂತದ ಪದ್ಧತಿಯಲ್ಲಿ ನಾಲ್ಕನೇ ಹಂತಕ್ಕೆ 1,200 ಪದ, ಐದಕ್ಕೆ 2,500. ಎ ಲೆವೆಲ್ ಈ ಎರಡರ ನಡುವೆ ಎಲ್ಲೋ ಬರುತ್ತದೆ ಅಂತ ನನ್ನ ಅಂದಾಜು. ಆದರೆ ಎಚ್‌ಎಸ್‌ಕೆಯಲ್ಲಿ ಕತೆಯ ವಿಮರ್ಶೆ ಇಲ್ಲ, ಸಂಶೋಧನೆ ಇಲ್ಲ, ಕಂಪ್ಯೂಟರಿನಲ್ಲೇ ಬರೆಯಬಹುದು. ಇಂಗ್ಲೆಂಡಿನ ಯೂನಿವರ್ಸಿಟಿ ಸೀಟು ಕೊಡುವಾಗ ನೋಡುವುದು ಎ ಲೆವೆಲ್ ಗ್ರೇಡನ್ನು. ಮಗಳು ಮನೆ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಆಗ ಎಚ್‌ಎಸ್‌ಕೆ ಒಳ್ಳೆಯ ದಾರಿ. ಭಾಷೆ ಉಳಿಯುತ್ತದೆ, ಗ್ರೇಡಿನ ಒತ್ತಡ ಇರುವುದಿಲ್ಲ.

ಯೂನಿವರ್ಸಿಟಿಯಲ್ಲಿ ಚೈನೀಸೇ ಓದಬೇಕು ಅಂತಿದ್ದರೂ ಎ ಲೆವೆಲ್ ಚೈನೀಸ್ ಕಡ್ಡಾಯ ಅಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡರಲ್ಲೂ ಒಂದಕ್ಷರ ಬಾರದವರನ್ನು ಚೈನೀಸ್ ಡಿಗ್ರಿಗೆ ಸೇರಿಸಿಕೊಳ್ಳುತ್ತಾರೆ. ಇದನ್ನು ಕೇಳಿದರೆ ಮಕ್ಕಳಿಗೆ ಸಿಟ್ಟು ಬರುತ್ತದೆ, ಅದೂ ಸರಿಯೇ. ಇನ್ನು ಕೆಲವು ಯೂನಿವರ್ಸಿಟಿ ಕೋರ್ಸುಗಳು ಮಾತೃಭಾಷೆಯಲ್ಲಿ ಬರೆದ ಎ ಲೆವೆಲ್ ಅನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ನಾಲ್ವರು ಅದನ್ನು ವಿಚಾರಿಸಿಕೊಳ್ಳಬೇಕು. ನಿಮ್ಮ ಮಗಳಿಗೆ ಆ ತೊಂದರೆ ಇಲ್ಲ. (ಕನ್ನಡದಲ್ಲಿ ಎ ಲೆವೆಲ್ ಇದ್ದಿದ್ದರೆ ಆ ಮಾತು ಬರುತ್ತಿತ್ತು. ಉರ್ದು, ಪಂಜಾಬಿ, ಗುಜರಾತಿ, ಬಂಗಾಳಿಗೆ ಇಲ್ಲಿ ಪರೀಕ್ಷೆ ಇದೆ, ನಮಗೆ ಇಲ್ಲ. ಅದು ಇನ್ನೊಂದು ದಿನದ ಜಗಳ.)

ಫಿಸಿಕ್ಸ್? ಎಂಜಿನಿಯರಿಂಗ್ ಆಸೆ ಸ್ವಲ್ಪವಾದರೂ ಇದ್ದರೆ ಫಿಸಿಕ್ಸ್ ಬಿಡಬಾರದು, ಅಲ್ಲಿ ನಾನು ನಿಮ್ಮ ಯಜಮಾನರ ಕಡೆ. ಎಕನಾಮಿಕ್ಸ್ ಓದುವುದು ಖಚಿತ ಅಂದರೆ ಮುಖ್ಯವಾಗಿ ಕೇಳುವುದು ಗಣಿತ. ಕೆಲವು ಕಡೆ ಫರ್ದರ್ ಮ್ಯಾಥ್ಸ್ (ಮುಂದುವರಿದ ಗಣಿತದ ಬೇರೊಂದು ಎ ಲೆವೆಲ್) ಇದ್ದವರಿಗೆ ಒಲವು ತೋರಿಸುತ್ತಾರೆ, ಫಿಸಿಕ್ಸ್‌ಗಲ್ಲ. ಮೂರನೆಯದು ಅವಳಿಗೆ ಇಷ್ಟವಾದದ್ದೇ ಇರಲಿ.

ಕೊನೆಗೆ ಶಾಲೆಯಲ್ಲಿ ಕೇಳಬೇಕಾದ ಎರಡು ಪ್ರಶ್ನೆ. ವಾರಕ್ಕೆ ಎಷ್ಟು ಪೀರಿಯಡ್, ಅದರಲ್ಲಿ ಆರೂ ಮಕ್ಕಳಿಗೆ ಒಂದೇ ಪಾಠವಾ, ಇಲ್ಲಾ ಹೊರಗಿನಿಂದ ಕಲಿತವರಿಗೆ ಬೇರೆ ಸಮಯ ಕೊಡುತ್ತಾರಾ? ಆರು ಜನ ಸಾಲದು ಅಂತ ಮಧ್ಯದಲ್ಲಿ ಕ್ಲಾಸ್ ನಿಲ್ಲಿಸಿದರೆ ಪರೀಕ್ಷೆಯನ್ನಾದರೂ ನಡೆಸುತ್ತಾರಾ? ಈ ಎರಡನೆಯದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಹೊರಗಿನ ಅಭ್ಯರ್ಥಿಯಾಗಿ ಬರೆಯಬೇಕಾಗಿ ಬಂದರೆ ಬರೆಯುವ ಪೇಪರಿಗೆ ಕೇಂದ್ರ ಹೇಗೋ ಸಿಗುತ್ತದೆ, ಮ್ಯಾಂಡರಿನ್ ಮಾತಿನ ಪರೀಕ್ಷೆ ನಡೆಸಲು ಒಪ್ಪುವ ಕೇಂದ್ರ ಹುಡುಕುವುದರಲ್ಲಿ ಚಪ್ಪಲಿ ಸವೆಯುತ್ತದೆ.

ಮೂರು ವಾರದ ಹಾಳೆಗಳನ್ನು ಎತ್ತಿಡಿ, ಬಿಸಾಡಬೇಡಿ. ಮೊದಲನೆಯದನ್ನೂ ಕೊನೆಯದನ್ನೂ ಫೋಟೋ ತೆಗೆದು ನನಗೆ ಕಳಿಸಿ. ಚೌಕಗಳನ್ನು ತುಂಬಿದ್ದು ಯಾರು ಅಂತ ಮಾತ್ರ ನಿಜ ಹೇಳಿ.